ಕವಲು ಹಲವು, ನಿಯಮ ಒಂದು

ಬಂಗಾರಪೇಟೆಯ ಓದುಗರೊಬ್ಬರ ಪತ್ರ: ‘ಕ್ವಾಂಟಂ ವಿಜ್ಞಾನದ ಬಹುಲೋಕ ವ್ಯಾಖ್ಯಾನ ನಿಜವಾದರೆ, ಆಗಬಹುದಾದದ್ದೆಲ್ಲ ಯಾವುದಾದರೂ ಒಂದು ಲೋಕದಲ್ಲಿ ಆಗಿಯೇ ತೀರುತ್ತದೆ ಎನ್ನುತ್ತಾರೆ. ಹಾಗಿದ್ದರೆ ಎಂದಿಗೂ ಅಳಿಯದ ವಿಶ್ವವೊಂದು ಇರಲೇಬೇಕಲ್ಲವೇ?’

ಸಂಪಾದಕರ ಉತ್ತರ:

ಮಾನ್ಯರೇ, ಇರಲೇಬೇಕೆಂದೇನೂ ಇಲ್ಲ. 1957ರಲ್ಲಿ ಪ್ರಿನ್ಸ್‌ಟನ್ನಿನ ಹ್ಯೂ ಎವರೆಟ್ ತಮ್ಮ ಪ್ರಬಂಧದಲ್ಲಿ ಹೇಳಿದ್ದು ಇಷ್ಟು: ನಾವು ಕಣವೊಂದನ್ನು ಅಳತೆ ಮಾಡಿದಾಗ ಒಂದು ಸಾಧ್ಯತೆ ಮಾತ್ರ ಉಳಿದು ಮಿಕ್ಕವು ಅಳಿಸಿಹೋಗುವುದಿಲ್ಲ, ಕಣಗಳ ಸ್ಥಿತಿ ಕಾಲಕ್ರಮದಲ್ಲಿ ಹೇಗೆ ಬದಲಾಗುತ್ತದೆಂದು ಹೇಳುವ ಶ್ರೋಡಿಂಗರ್ ಸಮೀಕರಣದ ಪ್ರಕಾರ ಎಲ್ಲವೂ ಬೇರೆ ಬೇರೆ ಕವಲುಗಳಾಗಿ ಮುಂದುವರಿಯುತ್ತವೆ. ಆದರೆ ಕವಲುಗಳೆಲ್ಲ ಅದೇ ಸಮೀಕರಣಕ್ಕೆ ಬದ್ಧವಾಗಿರುವುದರಿಂದ ನಿಯಮ ಒಪ್ಪದ್ದು ಯಾವ ಕವಲಿನಲ್ಲೂ ನಡೆಯದು. ವಿಶ್ವ ಹೆಚ್ಚುತ್ತಿರುವ ವೇಗದಲ್ಲಿ ಹಿಗ್ಗುತ್ತಿದೆ ಎಂದು 1998ರಲ್ಲಿ ತಿಳಿದುಬಂತು. ಅದಕ್ಕೆ ಕಾರಣವೆನ್ನಲಾದ ಡಾರ್ಕ್ ಎನರ್ಜಿ ನಿಸರ್ಗದ ಒಂದು ಸ್ಥಿರಾಂಕವೇ, ಅಂದರೆ ಎಲ್ಲೆಡೆಯೂ ಎಂದೆಂದೂ ಬದಲಾಗದ ಮೌಲ್ಯವೇ, ಆಗಿದ್ದರೆ, ನಮ್ಮ ಭೂಮಿಯೇ ಹುಟ್ಟದ ಕವಲುಗಳಲ್ಲೂ ನಕ್ಷತ್ರಗಳು ಇಂಧನ ತೀರಿ ಆರಿಹೋಗುವುದು ತಪ್ಪುವುದಿಲ್ಲ.

ಕವಲುಗಳ ಗತಿ ಬೇರೆಯಾಗಬಹುದಾದ ಒಂದು ಕಡೆಯನ್ನು ಹುಡುಕಲು ನಮ್ಮ ಜಿಲ್ಲೆಯಿಂದ ಹೊರಗೆ ಹೋಗಬೇಕಾಗಿಲ್ಲ. ಕೆಜಿಎಫ್ ಗಣಿಯಲ್ಲಿ, ನೆಲದಿಂದ ಸುಮಾರು 2300 ಮೀಟರ್ ಆಳದಲ್ಲಿ, 1980ರ ದಶಕದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರೂ ಜಪಾನಿನ ವಿಜ್ಞಾನಿಗಳೂ ಸೇರಿ, ಪರಮಾಣುವಿನ ನಡುವಿನ ಕಣವಾದ ಪ್ರೋಟಾನ್ ಎಂದಾದರೂ ಒಡೆಯುತ್ತದೆಯೇ ಎಂದು ಕಾದು ನೋಡಿದರು. ಒಡೆಯುವುದಾದರೆ ಯಾವಾಗ ಎಂಬುದು ಆಕಸ್ಮಿಕ, ಆದ್ದರಿಂದ ಒಂದು ಕವಲಿನಲ್ಲಿ ಒಡೆದದ್ದು ಇನ್ನೊಂದರಲ್ಲಿ ಉಳಿದಿರಬಹುದು. ಕಬ್ಬಿಣದ ತಗಡಿನ ಒಂದು ಪದರ, ಅದರ ಮೇಲೆ ಅನಿಲ ತುಂಬಿದ ಕೊಳವೆಗಳ ಒಂದು ಪದರ, ಮುಂದಿನ ಕೊಳವೆಗಳು ಅಡ್ಡಲಾಗಿ, ಹೀಗೆ ಪೇರಿಸಿದ 140 ಟನ್ನಿನ ಉಪಕರಣವದು. ಅಷ್ಟು ಕಬ್ಬಿಣದಲ್ಲಿ ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳು ಒಟ್ಟು 8ರ ಮುಂದೆ 31 ಸೊನ್ನೆಯಷ್ಟಿರುತ್ತವೆ. ಒಂದೇ ಕಣಕ್ಕಾಗಿ ಕಲ್ಪಾಂತರ ಕಾಯುವ ಬದಲು ಅಷ್ಟನ್ನೂ ಕೆಲವು ವರ್ಷ ಗಮನಿಸಿದರೆ ಸಾಕು ಎಂಬುದು ಲೆಕ್ಕಾಚಾರ. ಅಲ್ಲಿ ದೊರೆತ ಕೆಲವು ಗುರುತುಗಳು ಪ್ರೋಟಾನ್ ಕ್ಷಯದವೇ, ಅಂದರೆ ಒಡೆದದ್ದರವೇ, ಇರಬಹುದೆಂದು ವಿಜ್ಞಾನಿಗಳು ವರದಿ ಮಾಡಿದರು, ಆದರೆ ಅನಂತರದ ದೊಡ್ಡ ಪ್ರಯೋಗಗಳು ಅದನ್ನು ಎತ್ತಿಹಿಡಿಯಲಿಲ್ಲ. ಜಪಾನಿನ ಸೂಪರ್ ಕಾಮಿಯೋಕಾಂಡೆ ಪ್ರಯೋಗದ ಪ್ರಕಾರ, ಕ್ಷಯದ ಒಂದು ಮುಖ್ಯ ಬಗೆಯಲ್ಲಿ ಪ್ರೋಟಾನಿನ ಆಯಸ್ಸು 1ರ ಮುಂದೆ 34 ಸೊನ್ನೆಯಷ್ಟು ವರ್ಷಗಳಿಗಿಂತಲೂ ಹೆಚ್ಚು. ಹೀಗೆಂದ ಮಾತ್ರಕ್ಕೆ ಕೋಲಾರದ ಆ ಕೆಲಸ ಸಣ್ಣದಾಗುವುದಿಲ್ಲ. ಪ್ರೋಟಾನ್ ಕ್ಷಯವನ್ನೇ ಗುರಿಯಾಗಿಟ್ಟುಕೊಂಡು ಕೆಲಸಕ್ಕಿಳಿದ ಮೊದಮೊದಲ ಪ್ರಯೋಗಗಳಲ್ಲಿ ಅದೂ ಒಂದು, ನಮ್ಮ ಮಕ್ಕಳಿಗೆ ಅದು ತಿಳಿದಿರಬೇಕು.

ಪ್ರೋಟಾನ್ ಒಡೆಯುವುದು ನಿಜವೆಂದೇ ಇಟ್ಟುಕೊಳ್ಳೋಣ. ಆಗ ಎವರೆಟ್ ಮಾತಿನಂತೆ ಒಂದು ಪ್ರೋಟಾನೂ ಒಡೆಯದ ಕವಲು ಇದ್ದೇ ಇರುತ್ತದೆ, ಅಷ್ಟರಮಟ್ಟಿಗೆ ನಿಮ್ಮ ಊಹೆ ಸರಿ. ಆದರೆ ಕವಲುಗಳಿಗೆಲ್ಲ ಸಮಾನ ತೂಕವಿಲ್ಲ, ಅಂದರೆ ಸಮಾನ ಸಂಭವನೀಯತೆಯಿಲ್ಲ. ಪ್ರೋಟಾನುಗಳಲ್ಲಿ ಅರ್ಧದಷ್ಟು ಒಡೆಯಲು ಬೇಕಾದ ಕಾಲ, ಅಂದರೆ ಒಂದು ಅರ್ಧಾಯುಷ್ಯ, ಕಳೆಯುವಷ್ಟರಲ್ಲಿ ಪ್ರತಿಯೊಂದು ಪ್ರೋಟಾನಿನ ಪಾಲಿಗೂ ಆ ಕವಲಿನ ತೂಕ ಅರ್ಧವಾಗುತ್ತದೆ. ಅರ್ಧದ ಅರ್ಧ, ಅದರ ಅರ್ಧ ಎಂದು ವಿಶ್ವದ ಪ್ರೋಟಾನುಗಳಷ್ಟು ಸಲ ಗುಣಿಸಿದರೆ ಉಳಿಯುವುದು ಎಣಿಕೆಗೆ ಸಿಗದಷ್ಟು ಅಲ್ಪ. ಅಲ್ಲದೆ ಪ್ರೋಟಾನುಗಳು ಉಳಿದ ಮಾತ್ರಕ್ಕೆ ಆರಿದ ನಕ್ಷತ್ರ ಮತ್ತೆ ಉರಿಯುವುದಿಲ್ಲ.

ಇನ್ನೊಂದು ವಾದವನ್ನೂ ಹೇಳಬೇಕು. ಕವಲೊಡೆಯಬೇಕಾದರೆ ಘಟನೆಯ ಗುರುತು ಸುತ್ತಲಿನ ಕಣಗಳಲ್ಲಿ ಅಚ್ಚಾಗಬೇಕು. ವಿಶ್ವ ಹಿಗ್ಗಿ ಹಿಗ್ಗಿ ಬರಿದಾಗಿ ಸ್ಥಿರಸ್ಥಿತಿಗೆ ಬಂದ ಮೇಲೆ ಗುರುತು ಹಿಡಿಯಲು ಏನೂ ಇರುವುದಿಲ್ಲವಾದ್ದರಿಂದ ಹೊಸ ಕವಲುಗಳೂ ಹುಟ್ಟುವುದಿಲ್ಲ ಎಂದು ಅಮೆರಿಕದ ಭೌತವಿಜ್ಞಾನಿ ಶಾನ್ ಕ್ಯಾರಲ್ ಮತ್ತವರ ಸಂಗಡಿಗರು 2014ರಲ್ಲಿ ವಾದಿಸಿದರು. ಹಾಗಾದರೆ ಅಳಿವಿನಿಂದ ಪಾರಾಗುವ ಕವಲು ಆಮೇಲೆ ಮೂಡುವಂತಿಲ್ಲ. ಇದನ್ನು ಎಲ್ಲರೂ ಒಪ್ಪಿಲ್ಲ, ಬಹುಲೋಕ ವ್ಯಾಖ್ಯಾನವೇ ಪ್ರಯೋಗದಿಂದ ಸಿದ್ಧವಾದದ್ದಲ್ಲ. ಆದರೂ ಎವರೆಟ್ ಹೇಳಿದ್ದನ್ನು ಪೂರ್ತಿಯಾಗಿ ಒಪ್ಪುವವರಿಗೆ ನಿಮ್ಮ ಪ್ರಶ್ನೆಯ ಮಟ್ಟಿಗೆ ಇದಕ್ಕಿಂತ ನೇರವಾದ ಉತ್ತರ ಇಲ್ಲವೆಂದು ನಾನು ನಂಬುತ್ತೇನೆ.