ಔಷಧಕ್ಕೆ ಬಗ್ಗದ ಸೋಂಕುಗಳಿಗೆ ಹೊಸ ಆ್ಯಂಟಿಬಯೋಟಿಕ್ ಎಲ್ಲಿ ಸಿಗುತ್ತದೆ?
ಕಾಲ ಕೆಳಗಿನ ಮಣ್ಣಿನಲ್ಲೇ, ಅಲ್ಲಿನ ಬ್ಯಾಕ್ಟೀರಿಯಾಗಳು ತಯಾರಿಸುವ ವಸ್ತುಗಳಲ್ಲಿ. ತೊಂದರೆ ಏನಂದರೆ, ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಸುಮಾರು 99% ಲ್ಯಾಬಿನಲ್ಲಿ ಬೆಳೆಯುವುದೇ ಇಲ್ಲ. ಅಮೆರಿಕದ ವಿಜ್ಞಾನಿಗಳಾದ ಕಿಮ್ ಲೂಯಿಸ್, ಸ್ಲಾವಾ ಎಪ್‌ಸ್ಟೈನ್ ತಂಡ ಇದಕ್ಕೆ ಚೆಂದದ ಉಪಾಯ ಹೂಡಿತು. ಐಚಿಪ್ ಅನ್ನೋ ಪುಟ್ಟ ಸಾಧನದ ಒಂದೊಂದು ತೂತಿನಲ್ಲೂ ಹೆಚ್ಚುಕಡಿಮೆ ಒಂದೊಂದೇ ಬ್ಯಾಕ್ಟೀರಿಯಾ ಇಟ್ಟು, ಎರಡೂ ಕಡೆ ತೆಳು ಪೊರೆ ಮುಚ್ಚಿ, ವಾಪಸ್ ಮಣ್ಣಿಗೇ ಹಾಕಿದರು. ಪೋಷಕಾಂಶ ಪೊರೆ ದಾಟಿ ಒಳಗೆ ಬರುತ್ತದೆ, ಬ್ಯಾಕ್ಟೀರಿಯಾ ಹೊರಗೆ ಹೋಗುವುದಿಲ್ಲ. ಹೀಗೆ ಬೆಳೆಸಿದ ಒಂದು ಬ್ಯಾಕ್ಟೀರಿಯಾದಿಂದ ಸಿಕ್ಕಿದ್ದೇ ಟೀಕ್ಸೊಬ್ಯಾಕ್ಟಿನ್ ಅನ್ನುವ ಆ್ಯಂಟಿಬಯೋಟಿಕ್, 2015ರಲ್ಲಿ ಪ್ರಕಟವಾಯಿತು.

ನನಗೆ ಜಾಸ್ತಿ ಭರವಸೆ ಕೊಡುವುದು ಅದರ ಕೆಲಸದ ರೀತಿ. ಅದು ಪ್ರೋಟೀನಿಗಲ್ಲ, ಕೋಶಭಿತ್ತಿ ಕಟ್ಟಲು ಬೇಕಾದ ಲಿಪಿಡ್-2 ಅನ್ನುವ ಕೊಬ್ಬಿನಂಥ ಅಣುವಿಗೆ ಅಂಟಿಕೊಳ್ಳುತ್ತದೆ. ಪ್ರೋಟೀನ್ ಒಂದು ಮ್ಯುಟೇಶನ್‌ನಿಂದಲೇ (ಜೀನ್‌ನಲ್ಲಾಗುವ ಬದಲಾವಣೆ) ರೂಪ ಬದಲಿಸಬಹುದು; ಈ ಅಣುವನ್ನು ಬದಲಿಸುವುದು ಅಷ್ಟು ಸುಲಭವಲ್ಲ, ಹಾಗಾಗಿ ಬ್ಯಾಕ್ಟೀರಿಯಾ ಈ ಔಷಧಕ್ಕೆ ಬಗ್ಗದಂತಾಗುವುದೂ ಕಷ್ಟ. ಎಂಆರ್‌ಎಸ್‌ಎ (ಹಲವು ಆ್ಯಂಟಿಬಯೋಟಿಕ್‌ಗಳಿಗೆ ಬಗ್ಗದ ಒಂದು ಬ್ಯಾಕ್ಟೀರಿಯಾ), ಕ್ಷಯದ ಬ್ಯಾಕ್ಟೀರಿಯಾಗಳನ್ನು ಇದು ಲ್ಯಾಬಿನಲ್ಲಿ ಕೊಂದಿದೆ. ಆದರೆ ಹೊರಪೊರೆ ಇರುವ ಕ್ಲೆಬ್ಸಿಯೆಲ್ಲಾದಂಥ ಗ್ರಾಮ್-ನೆಗೆಟಿವ್ ಬ್ಯಾಕ್ಟೀರಿಯಾಗಳ ಮುಂದೆ ಇದರ ಆಟ ನಡೆಯುವುದಿಲ್ಲ. ಅವುಗಳಿಗೆ ಬೇರೆ ಔಷಧವೇ ಬೇಕು.