ಪರವೂರಿನ ಸಿನಗಾಗ್: ಗೋಡೆಗೆ ಸುಣ್ಣವೇ ಯಾಕೆ?

ಪ್ರಶ್ನೆ: ಕೊಚ್ಚಿ ಹತ್ತಿರದ ಪರವೂರಿನ ಹಳೆಯ ಯೆಹೂದಿ ಸಿನಗಾಗ್ (ಪ್ರಾರ್ಥನಾ ಮಂದಿರ) ನೋಡಿ ಬಂದೆವು. ಒಳಗಿನ ಮರದ ಕೆತ್ತನೆ ಹೊಸದರಂತಿದೆ. ಹೊರಗೋಡೆಗೆ ಸಿಮೆಂಟ್ ಬಳಿಯದೆ ಸುಣ್ಣ ಬಳಿದದ್ದು ಯಾಕೆ?
– ಓದುಗರೊಬ್ಬರು, ಪುತ್ತೂರು

ಉತ್ತರ: ನಿಮ್ಮ ಕಣ್ಣು ಸರಿಯಾಗಿಯೇ ಗುರುತಿಸಿದೆ. 1948ರ ನಂತರ ಇಲ್ಲಿನ ಯೆಹೂದಿಗಳು ಹೆಚ್ಚಿನವರು ಇಸ್ರೇಲಿಗೆ ಹೋದರು. ಧರ್ಮಗ್ರಂಥ ಇಡುವ ಮೂಲ ಕಪಾಟು ಈಗ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿದೆ. ಪರವೂರಿನಲ್ಲಿರುವುದು ಪ್ರತಿಕೃತಿ.

ಇನ್ನು ಗೋಡೆ. ಅದು ನಿಮ್ಮೂರಿನ ಮನೆಗಳಂತೆ ಮುರಕಲ್ಲಿನದು (ಜಂಬಿಟ್ಟಿಗೆ), ಮಳೆಗಾಲದಲ್ಲಿ ನೀರು ಹೀರುತ್ತದೆ. ಸುಣ್ಣದ ಗಾರೆಯಾದರೆ ಆ ತೇವ ಆರಿ ಹೋಗುತ್ತದೆ. ಸಿಮೆಂಟ್ ಅದನ್ನು ಒಳಗೇ ತಡೆಯುತ್ತದೆ; ತೇವದಲ್ಲಿನ ಉಪ್ಪು ಹರಳುಗಟ್ಟಿ ಕಲ್ಲಿನ ಮೈ ಪುಡಿಯಾಗುತ್ತದೆ, ಗಾರೆ ಹಪ್ಪಳದಂತೆ ಏಳುತ್ತದೆ. ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ.

ದುರಸ್ತಿಗೆ ವಾರಗಟ್ಟಲೆ ನೀರಲ್ಲಿ ನೆನೆದ ಸುಣ್ಣದ ಮುದ್ದೆ 1 ಪಾಲು, ತೊಳೆದ ಮರಳು 3 ಪಾಲು. ಮೊದಲು ಕಲ್ಲನ್ನು ನೆನೆಸಿ, ಒಂದು ಪದರಕ್ಕೆ 10 ಮಿ.ಮೀ. ಮೀರದಂತೆ ಬಳಿದು, ಒದ್ದೆ ಗೋಣಿಚೀಲ ಹೊದಿಸಿ ವಾರವಿಡೀ ತೇವ ಕಾಯಬೇಕು. ಆತುರಪಟ್ಟು ಬಿಸಿಲಿಗೆ ಬಿಟ್ಟರೆ ಬಿರುಕು ಖಂಡಿತ. ಆದರೆ ಎಲ್ಲಕ್ಕಿಂತ ಮೊದಲು ಮಾಡಿನ ಹಂಚು ಸೋರುತ್ತಿದೆಯೇ ನೋಡಿ. ಕೊಚ್ಚಿಯದೇ ಮಟ್ಟಾಂಚೇರಿಯ ಕಡವುಂಭಾಗಂ ಸಿನಗಾಗ್ ಪಾಳುಬಿದ್ದು 2019ರ ಮಳೆಗೆ ಕುಸಿಯಿತು.