ಗೆಳತಿಗೆ ಹೇಳಬಹುದೇ?

ಪ್ರಶ್ನೆ: ನನಗೆ 16 ವರ್ಷ. ನನಗೆ ಒಸಿಡಿ, ಅಂದರೆ ಗೀಳು ಕಾಯಿಲೆ ಇದೆಯೆಂದು ಮನೋವೈದ್ಯರು ಕಳೆದ ವರ್ಷ ಹೇಳಿದರು. ಅವರು ಕೊಟ್ಟ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದೇನೆ. ಆದರೂ ಮಲಗುವ ಮೊದಲು ಬಾಗಿಲ ಚಿಲಕವನ್ನು ಎಣಿಸುತ್ತಾ ಮುಟ್ಟುತ್ತೇನೆ, ಎಣಿಕೆ ತಪ್ಪಿದರೆ ಮೊದಲಿನಿಂದ ಶುರು ಮಾಡುತ್ತೇನೆ. ಮನೆಯಲ್ಲಿ ಅಪ್ಪ ಅಮ್ಮನಿಗೆ ದಿನವೂ ಜಗಳ, ಬೇರೆಯಾಗುವ ಮಾತೂ ಬಂದಿದೆ. ಜಗಳದ ನಡುವೆ ನನ್ನ ಕಾಯಿಲೆಯ ಪ್ರಸ್ತಾಪವೂ ಬರುತ್ತದೆ. ನಾನು ಸರಿಯಾಗಿ ಎಣಿಸದಿದ್ದರೆ ಅವರು ನಿಜವಾಗಿಯೂ ಬೇರೆಯಾಗುತ್ತಾರೆಂಬ ಹೆದರಿಕೆ ನನಗೆ. ಈ ವರ್ಷ ತರಗತಿಯಲ್ಲಿ ಒಬ್ಬ ಗೆಳತಿ ಸಿಕ್ಕಿದ್ದಾಳೆ. ಅವಳ ಜೊತೆಗಿದ್ದರೆ ಮನಸ್ಸು ಹಗುರವಾಗುತ್ತದೆ. ಆದರೆ ರಾತ್ರಿಯಾದರೆ ‘ಏನೂ ಆಗುವುದಿಲ್ಲ ಅಲ್ವಾ?’ ಎಂದು ಅವಳಿಗೆ ಮೇಲಿಂದ ಮೇಲೆ ಮೆಸೇಜ್ ಮಾಡುತ್ತೇನೆ. ಕಾಯಿಲೆಯ ವಿಷಯ ಅವಳಿಗೆ ಗೊತ್ತಿಲ್ಲ. ಹೇಳಿದರೆ ದೂರವಾಗುತ್ತಾಳೇನೋ ಎಂಬ ಭಯ. ಏನು ಮಾಡಲಿ?

ಉತ್ತರ: ಹೇಳಬಹುದು, ಹೇಳುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಆದರೆ ಅವಳಿಂದ ಏನನ್ನು ಕೇಳಬೇಕು, ಏನನ್ನು ಕೇಳಬಾರದು ಎಂಬುದು ಮೊದಲು ನಿಮಗೇ ಸ್ಪಷ್ಟವಾಗಬೇಕು.

ನಿಮ್ಮ ಪತ್ರದಲ್ಲಿ ಕೇಳದೆಯೇ ಕೇಳಿರುವ ಇನ್ನೊಂದು ಪ್ರಶ್ನೆಯಿದೆ: ಅಪ್ಪ ಅಮ್ಮ ಬೇರೆಯಾಗುವುದಿಲ್ಲ ತಾನೇ? ಅದಕ್ಕೆ ‘ಇಲ್ಲ’ ಎಂದು ನಾನು ಬರೆಯುವುದಿಲ್ಲ. ಹೊರಗಿನವರು ಯಾರೂ ಕೊಡಲಾಗದ ಭರವಸೆ ಅದು ಎಂಬುದು ಒಂದು ಕಾರಣವಾದರೆ, ಕೊಟ್ಟರೂ ನೀವು ರಾತ್ರಿ ಇದೇ ಪುಟವನ್ನು ತೆರೆದು ಆ ಸಾಲನ್ನೇ ಮತ್ತೆ ಮತ್ತೆ ಓದುತ್ತೀರಿ ಎಂಬುದು ಇನ್ನೊಂದು. ಚಿಲಕವನ್ನು ಎಷ್ಟು ಸಲ ಮುಟ್ಟಿದಿರಿ ಎಂಬುದಕ್ಕೂ ಇಬ್ಬರು ದೊಡ್ಡವರ ದಾಂಪತ್ಯಕ್ಕೂ ಸಂಬಂಧವಿಲ್ಲ ಎಂಬುದನ್ನು ಮಾತ್ರ ಒಮ್ಮೆ ಹೇಳುತ್ತೇನೆ. ಅದು ನಿಮಗೆ ಗೊತ್ತಿಲ್ಲವೆಂದಲ್ಲ. ಗೊತ್ತಿದ್ದೂ ಕೈ ಚಿಲಕದ ಕಡೆಗೇ ಹೋಗುವುದು ಈ ಕಾಯಿಲೆಯ ಲಕ್ಷಣ. ಆದ್ದರಿಂದ ‘ಇಷ್ಟೂ ಅರ್ಥವಾಗುವುದಿಲ್ಲವೇ’ ಎಂಬ ಬೈಗುಳವನ್ನು, ಅದು ಮನೆಯವರಿಂದ ಬರಲಿ, ನಿಮ್ಮೊಳಗಿನಿಂದಲೇ ಬರಲಿ, ನೀವು ಹೊತ್ತುಕೊಳ್ಳಬೇಕಿಲ್ಲ.

ಗೆಳತಿಗೆ ಕಳಿಸುವ ಮೆಸೇಜ್ ಕೂಡ ಚಿಲಕ ಮುಟ್ಟುವಂಥದೇ ಕ್ರಿಯೆ. ಕೆರೆದಷ್ಟೂ ತುರಿಕೆ ಹೆಚ್ಚುವಂತೆ, ‘ಏನೂ ಆಗುವುದಿಲ್ಲ’ ಎಂಬ ಅವಳ ಉತ್ತರ ಸ್ವಲ್ಪ ಹೊತ್ತು ಹಿತವೆನಿಸಿ, ಮರುಕ್ಷಣ ಇನ್ನೂ ಗಟ್ಟಿಯಾದ ಉತ್ತರವನ್ನು ಬೇಡುತ್ತದೆ. ಈ ಸುತ್ತನ್ನು ಮುರಿಯುವುದಕ್ಕೆ ಇಆರ್‌ಪಿ ಎಂಬ ಚಿಕಿತ್ಸೆಯಿದೆ. ಹೆದರಿಕೆ ಹುಟ್ಟಿಸುವ ಸನ್ನಿವೇಶವನ್ನು ಚಿಕ್ಕದರಿಂದ ಆರಂಭಿಸಿ ಹಂತ ಹಂತವಾಗಿ ಎದುರಿಸುತ್ತಾ, ಎಣಿಸುವ, ಮುಟ್ಟುವ, ಭರವಸೆ ಕೇಳುವ ಕ್ರಿಯೆಯನ್ನು ಮಾಡದೆ ಉಳಿಯುವುದನ್ನು ತರಬೇತಾದ ಚಿಕಿತ್ಸಕರು ಅಭ್ಯಾಸ ಮಾಡಿಸುತ್ತಾರೆ. ಆ ಕ್ರಿಯೆಯಿಲ್ಲದೆಯೂ ಆತಂಕವನ್ನು ತಾಳಿಕೊಳ್ಳಬಹುದೆಂದು ಮನಸ್ಸು ಹೀಗೆ ಕಲಿಯುತ್ತದೆ. ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞರು 1966ರಲ್ಲಿ ಇದರ ಮೊದಲ ರೂಪವನ್ನು ವರದಿ ಮಾಡಿದರು.

ನೀವು ಬರೀ ಮಾತ್ರೆಯ ವಿಷಯ ಬರೆದಿರುವುದರಿಂದ ಒಂದು ಅಧ್ಯಯನವನ್ನು ಹೇಳಬೇಕು. ಅಮೆರಿಕದಲ್ಲಿ ಗೀಳು ಕಾಯಿಲೆಯಿರುವ, 7ರಿಂದ 17 ವರ್ಷದೊಳಗಿನ 112 ಮಂದಿಯನ್ನು 12 ವಾರ ಗಮನಿಸಿ, ಫಲಿತಾಂಶವನ್ನು 2004ರಲ್ಲಿ ಪ್ರಕಟಿಸಲಾಯಿತು. ಈ ಕಾಯಿಲೆಗೆ ಕೊಡುವ ಸರ್ಟ್ರಲೀನ್ ಮಾತ್ರೆಯನ್ನಷ್ಟೇ ಪಡೆದವರಲ್ಲಿ ಶೇಕಡ 21 ಮಂದಿಯ ಲಕ್ಷಣಗಳು ಬಹುಮಟ್ಟಿಗೆ ಇಳಿದವು. ಇಆರ್‌ಪಿಯಂಥ ಅಭ್ಯಾಸಗಳನ್ನು ಒಳಗೊಂಡ ಸಿಬಿಟಿಯನ್ನಷ್ಟೇ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಮಾತಿನ ಚಿಕಿತ್ಸೆಯನ್ನಷ್ಟೇ, ಪಡೆದವರಲ್ಲಿ ಅದು ಶೇಕಡ 39, ಎರಡನ್ನೂ ಪಡೆದವರಲ್ಲಿ ಶೇಕಡ 54. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಆದರೆ ಇಆರ್‌ಪಿ ಬಗ್ಗೆ ನಿಮ್ಮ ವೈದ್ಯರನ್ನು ಬಾಯಿಬಿಟ್ಟು ಕೇಳಿ.

ಇನ್ನು ಗೆಳತಿ. ಹಗಲು ಹೊತ್ತಿನಲ್ಲಿ, ಇಬ್ಬರೇ ಇರುವಾಗ, ನಾಲ್ಕು ಮಾತಿನಲ್ಲಿ ಹೇಳಿದರೆ ಸಾಕು: ‘ನನಗೆ ಗೀಳು ಕಾಯಿಲೆಯಿದೆ, ಚಿಕಿತ್ಸೆ ನಡೆಯುತ್ತಿದೆ. ರಾತ್ರಿ ನಾನು ಕೇಳುವ ಪ್ರಶ್ನೆ ಆ ಕಾಯಿಲೆಯದು. ಕೇಳಿದರೆ ಉತ್ತರ ಕೊಡಬೇಡ, ಬೇರೇನಾದರೂ ಮಾತಾಡು.’ ಅವಳು ಹಾಗೆ ಮಾಡಿದ ಮೊದಲ ಕೆಲವು ರಾತ್ರಿ ನಿಮಗೆ ಅವಳ ಮೇಲೆ ಸಿಟ್ಟು ಬಂದೀತು, ಅದನ್ನೂ ಮುಂಚೆಯೇ ಹೇಳಿಬಿಡಿ. ಅವಳಿಂದ ಕೇಳಬೇಕಾದದ್ದು ಜೊತೆಗಿರುವುದನ್ನು ಮಾತ್ರ: ಓದಲು, ಹರಟಲು, ನಗಲು. ಅವಳಿಗೂ ಕಷ್ಟಗಳಿರುತ್ತವೆ, ಅವುಗಳನ್ನು ವಿಚಾರಿಸಿ. ಸ್ನೇಹದ ಮಾತೆಲ್ಲ ನಿಮ್ಮ ಕಾಯಿಲೆಯ ಸುತ್ತಲೇ ತಿರುಗತೊಡಗಿದರೆ ಇಬ್ಬರಿಗೂ ದಣಿವಾಗುತ್ತದೆ. ಒಂದು ವೇಳೆ ಅವಳು ಹಿಂದೆ ಸರಿದರೆ ನೋವಾಗುತ್ತದೆ, ನಿಜ. ಆದರೆ ಬಚ್ಚಿಟ್ಟು ನಡೆಸುವ ಸ್ನೇಹದಲ್ಲಿ ಆ ಭಯ ದಿನವೂ ಇದ್ದೇ ಇರುತ್ತದೆ.

ಅಪ್ಪ ಅಮ್ಮನಿಗೂ ಒಂದು ಮಾತು. ಮನೆಯ ಕಲಹ ಈ ಕಾಯಿಲೆಯ ಲಕ್ಷಣಗಳನ್ನು ಹೆಚ್ಚಿಸಬಲ್ಲದು, ಆದರೆ ಕಲಹಕ್ಕೆ ಮಗುವಿನ ಕಾಯಿಲೆಯನ್ನು ಕಾರಣವಾಗಿ ಎಳೆದು ತರುವುದು ಅನ್ಯಾಯ. ಮುಂದಿನ ಭೇಟಿಗೆ ಅಪ್ಪ ಅಮ್ಮ ಇಬ್ಬರೂ ಬರಬೇಕೆಂದು ನೀವು ವೈದ್ಯರಿಂದಲೇ ಹೇಳಿಸಿ. ಮಗಳು ಭರವಸೆ ಕೇಳಿದಾಗ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಮನೆಯವರಿಗೆ ಕಲಿಸುವುದೂ ಚಿಕಿತ್ಸೆಯ ಭಾಗವೇ. ಅವರು ಒಟ್ಟಿಗೆ ಬರಲೊಪ್ಪದಿದ್ದರೆ ಒಬ್ಬರಾದರೂ ಬರಲಿ.

ಬದುಕುವುದೇ ಬೇಡವೆನ್ನುವ ಯೋಚನೆ ಯಾವತ್ತಾದರೂ ಬಂದರೆ ಅದನ್ನು ಗೆಳತಿಯೊಬ್ಬಳಿಗೇ ಹೇಳಿ ಗುಟ್ಟಾಗಿಡಲು ಕೇಳಬೇಡಿ. ಆ ಹೊತ್ತಿಗೇ ಮನೆಯ ಹಿರಿಯರಿಗೋ ಶಿಕ್ಷಕರಿಗೋ ವೈದ್ಯರಿಗೋ ತಿಳಿಸಿ.